ಹೆಣ್ಣು ನೋಡಲು ಬಂದವರು ಪಿಎಚ್.ಡಿ. ಕೇಳಿದರು

ಅಮ್ಮ ಮೈಸೂರಿನ ಒಂದು ವಿಶ್ವವಿದ್ಯಾನಿಲಯದಲ್ಲಿ ವಿಭಾಗವೊಂದರ ಕಚೇರಿ ನೋಡಿಕೊಳ್ಳುತ್ತಿದ್ದಳು. ಗುಮಾಸ್ತೆಯಾಗಿ ಸೇರಿದವಳು ಸೂಪರಿಂಟೆಂಡೆಂಟ್ ಆಗುವಷ್ಟರಲ್ಲಿ ಎಷ್ಟೋ ಮುಖ್ಯಸ್ಥರು ಬಂದು ಹೋಗಿದ್ದರು. ಬಿಳಿಕೆರೆ ಪಕ್ಕದ ನಮ್ಮ ಹಳ್ಳಿಯಲ್ಲಿ ಅವಳು 'ಯೂನಿವರ್ಸಿಟಿ ಅಮ್ಮ'. ಯೂನಿವರ್ಸಿಟಿಯೇ ಅವಳದು ಎಂದು ಊರಿನ ನಂಬಿಕೆ. ಹೊಗೆಸೊಪ್ಪು ಬೆಳೆಯುತ್ತಿದ್ದ ಅಪ್ಪ ಅದನ್ನು ತಿದ್ದಲು ಹೋಗಲಿಲ್ಲ. ಟೀ ಅಂಗಡಿಯ ಬೆಂಚಿನಲ್ಲಿ ಅದರಿಂದ ಅವನಿಗೆ ನಡುವಿನ ಜಾಗ ಸಿಗುತ್ತಿತ್ತು.

ನನ್ನ ಎಂ.ಎ. ಮುಗಿದ ವರ್ಷ ಕೆ.ಆರ್. ನಗರದ ಕಡೆಯಿಂದ ಒಂದು ಸಂಬಂಧ ಬಂತು. ನಾಲೆ ನೀರಿನ ಗದ್ದೆ, ಒಬ್ಬನೇ ಮಗ, ಅವನೂ ಎಂ.ಎ. ಹುಡುಗನ ತಂದೆ ಉಪ್ಪಿಟ್ಟು ಮುಗಿಸಿ, ನನ್ನನ್ನು ಒಂದು ಮಾತೂ ಕೇಳದೆ ಅಮ್ಮನ ಕಡೆ ತಿರುಗಿದರು.

"ನಮ್ಗೆ ಒಡವೆ ಬ್ಯಾಡ, ಬಟ್ಟೆ ಬ್ಯಾಡ ಕಣಮ್ಮ. ಉಡುಗಂಗೆ ಒಂದು ಪಿಎಚ್.ಡಿ. ಮಾಡ್ಸಿಕೊಟ್ಬುಡಿ. ಲಗ್ನಪತ್ರಿಕೇಲಿ ಎಸ್ರಿನ ಮುಂದೆ ಡಾಕ್ಟರ್ ಅಂತ ಬಂದ್ರೆ ಸಾಕು."

"ಮದುವೆ ಯಾವಾಗ ಅಂದ್ಕೊಂಡಿದ್ದೀರಿ?"

"ಬರೋ ಶ್ರಾವಣದಲ್ಲಿ."

"ಪ್ರವೇಶ ಪರೀಕ್ಷೆ ಪಾಸಾಗ್ಬೇಕು, ಗೈಡ್ ಸಿಗ್ಬೇಕು, ಆಮೇಲೆ ಅವ್ರೇ ಕೂತು ಬರೀಬೇಕು. ಮಕ್ಕಳು ಸ್ಕೂಲಿಗೆ ಹೋಗೋ ಹೊತ್ತಿಗೂ ಮುಗಿಸದೋರು ಇದ್ದಾರೆ ಕಣ್ರೀ."

"ಅದೆಲ್ಲ ಬ್ಯಾರೆಯೋರಿಗೆ. ನೀವಿದ್ದೀರಲ್ಲ!"

"ನಾನಿರೋದು ಅರ್ಜಿ ಇಸ್ಕೊಳ್ಳೋಕೆ."

ಮೊದಲು ಅವರಿಗೆ ಅದು ವಿನಯ ಅನ್ನಿಸಿತು. ಅಮ್ಮ ಜಗ್ಗದಿದ್ದಾಗ ಜಂಬ ಅನ್ನಿಸಿ, ಕಾಫಿ ಮುಟ್ಟದೆ ಎದ್ದರು. ಹುಡುಗ ಮಾತ್ರ ಹೊಸ್ತಿಲ ಬಳಿ ತಿರುಗಿ ಅಮ್ಮನನ್ನು ಮೆಲ್ಲಗೆ ಕೇಳಿದ: "ಪರೀಕ್ಷೆ ಯಾವಾಗ ಮೇಡಂ?" ನನ್ನ ಕಡೆ ಅವನು ನೋಡಿದ್ದು ಚಪ್ಪಲಿ ಹುಡುಕುವಾಗ, ಅದೂ ನಾನು ಅವುಗಳ ಹತ್ತಿರ ನಿಂತಿದ್ದರಿಂದ.

"ಹ್ಞೂಂ ಅಂದ್ಬುಟ್ಟಿದ್ರೆ ನಿನ್ನ ಗಂಟೇನೋಯ್ತಿತ್ತು?" ಎಂದು ಅಪ್ಪ ಅಮ್ಮನ ಮೇಲೆ ರೇಗಿದ.

ಒಳಗಿನಿಂದ ಅಜ್ಜಿ ಮಗನನ್ನು ಗದರಿದಳು. "ಸುಮ್ಕಿರ್ಲಾ. ಅದೇನು ವಾಚಾ, ಅತ್ತೆ ತಂದು ಅಳಿಯನ ಕೈಗೆ ಕಟ್ಟಾಕೆ?"

ಮರುವರ್ಷ ನನಗೆ ಎಚ್.ಡಿ. ಕೋಟೆಯಲ್ಲಿದ್ದ ಪಶುವೈದ್ಯರೊಬ್ಬರೊಡನೆ ಮದುವೆಯಾಯಿತು. ಲಗ್ನಪತ್ರಿಕೆಯಲ್ಲಿ 'ಡಾಕ್ಟರ್' ಅಚ್ಚಾಗಿತ್ತು. ಎಂಥ ಡಾಕ್ಟರ್ ಎಂದು ಕೇಳಿದವರಿಗೆ ಮಾತ್ರ ಅಪ್ಪ ದನದ ವಿಷಯ ಹೇಳಿದ.

ಅಷ್ಟರಲ್ಲಿ ಕೆ.ಆರ್. ನಗರದ ಹುಡುಗ ನಿಜಕ್ಕೂ ಪರೀಕ್ಷೆ ಬರೆದು, ಪಾಸಾಗಿ, ಅಮ್ಮನ ವಿಭಾಗಕ್ಕೇ ಸಂಶೋಧನೆಗೆ ಸೇರಿದ್ದ. ಹಬ್ಬ ಬಂದರೆ ಹೊಸ ಅಕ್ಕಿ ಹಿಡಿದು ನಮ್ಮ ಮನೆಗೆ ಬರುತ್ತಿದ್ದ. ಅಮ್ಮ ಊಟ ಬಡಿಸುತ್ತ, "ಮೂರನೇ ಅಧ್ಯಾಯ ಎಲ್ಲಿಗೆ ಬಂತು?" ಎನ್ನುವಳು. ಅವನು ಇನ್ನೊಂದು ಒಬ್ಬಟ್ಟು ಹಾಕಿಸಿಕೊಳ್ಳುವನು.

ಅಮ್ಮ ನಿವೃತ್ತಳಾದ ದಿನವೂ ಆ ಅಧ್ಯಾಯ ಮುಗಿದಿರಲಿಲ್ಲ. ಬೀಳ್ಕೊಡುಗೆಯಲ್ಲಿ ಸಂಶೋಧಕರ ಪರವಾಗಿ ಅವನೇ ಮಾತಾಡಿ, ನಡುವೆ ಅತ್ತೂಬಿಟ್ಟ. ಮುಂದಿನ ಸಾಲಿನಲ್ಲಿ ಅವನ ತಂದೆ ಪಕ್ಕದವರಿಗೆ ಹೇಳುತ್ತಿದ್ದರು: "ನಮ್ಗೆ ಬೀಗ್ತಿ ಆಗ್ಬೇಕಾಗಿದ್ದೋರು ಕಣ್ರೀ, ಇವ್ರು."

ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮನನ್ನು ಕೇಳಿದೆ.

"ಅವತ್ತು ನೀನೂ ನನ್ನ ಕೇಳಲಿಲ್ಲ. ಅವನು ನನಗೆ ಇಷ್ಟ ಆಗಿದ್ದಿದ್ರೆ?"

ಅಮ್ಮ ನನ್ನ ಮುಖವನ್ನೇ ನೋಡಿದಳು. "ಆಗಿದ್ನಾ?"

"ಇಲ್ಲ."

"ಸರಿ ಬುಡು," ಎಂದು ಹಾರದ ಪೊಟ್ಟಣವನ್ನು ನನ್ನ ಮಡಿಲಿಗೆ ದಾಟಿಸಿ, ಕಿಟಕಿಗೆ ಒರಗಿ ನಿದ್ದೆ ಹೋದಳು. ಬಿಳಿಕೆರೆಯಲ್ಲಿ ನಾನೇ ಎಬ್ಬಿಸಬೇಕಾಯಿತು.