ಟರ್ಕಿ ಕೋಳಿಗೆ ಸಿಕ್ಕ ತಪ್ಪಲೆ

ಬೀದಿಯವರೆಲ್ಲ ಅವಳನ್ನು ಕರೆಯುವುದು ಉಪ್ಪಕ್ಕ ಎಂದೇ. ಹೋಟೆಲಿನವರು, ಔತಣದವರು ತಂದುಕೊಟ್ಟ ಮಾಂಸವನ್ನು ಉಪ್ಪುನೀರಿನಲ್ಲಿ ನೆನೆಹಾಕಿ ಹದಕ್ಕೆ ತರುವುದು ಅವಳ ಕಸುಬು. ಅಳತೆ, ತೂಕ ಅಂದರೆ ಅವಳಿಗೆ ಮೈ ಉರಿಯುತ್ತಿತ್ತು. ಹಿಡಿ ಹಿಡಿ ಉಪ್ಪು ಹಾಕಿ, ಕಲಕಿ, ಅಂಗೈಯಲ್ಲಿ ನೀರೆತ್ತಿ ನೆಕ್ಕಿ ನೋಡುವಳು; ಸಾಕು ಅಂದರೆ ಸಾಕು. ಮೂವತ್ತು ವರ್ಷ ಅವಳ ಹೊಟ್ಟೆ ಹೊರೆದದ್ದು ಆ ನಾಲಿಗೆಯೇ. ಸೊಸೆ ರುಚಿ ನೋಡಲು ಬಂದರೆ, ನಿನಗೆ ಬೆಲ್ಲಕ್ಕೂ ಸಾಬೂನಿಗೂ ವ್ಯತ್ಯಾಸ ತಿಳಿಯುತ್ತದೇನೇ ಎಂದು ಅಟ್ಟಿಬಿಡುವಳು. ಸೊಸೆಯೋ ಬಾಯಿಲ್ಲದವಳು. ಆಯಿತು ಅತ್ತೆ ಎಂದು ಪಾತ್ರೆ ತೊಳೆಯಲು ಹೋಗುವಳು.

ಒಂದು ಗುರುವಾರ ಅಡುಗೆ ಕಂಟ್ರಾಕ್ಟರು ಒಂಬತ್ತು ಕಿಲೋದ ಟರ್ಕಿ ಕೋಳಿ ತಂದಿಟ್ಟ. ಶನಿವಾರದ ಔತಣಕ್ಕೆ ಅದು ತಯಾರಾಗಬೇಕು, ಕೆಟ್ಟರೆ ಮತ್ತೆ ಈ ಬಾಗಿಲಿಗೆ ಬರುವುದಿಲ್ಲ ಎಂದು ಹೇಳಿಯೇ ಹೋದ. ಅಷ್ಟು ದೊಡ್ಡ ಹಕ್ಕಿ ಅವಳ ಯಾವ ಪಾತ್ರೆಗೂ ಹಿಡಿಯಲಿಲ್ಲ. ಸ್ಟೀಲ್ ಕೊಳಗದಲ್ಲಿ ಇಟ್ಟರೆ ಕಾಲೆರಡೂ ನೀರಿನ ಮೇಲೆ. ಅಲ್ಯೂಮಿನಿಯಂ ಪಾತ್ರೆಯನ್ನು ಉಪ್ಪು ತಿನ್ನುತ್ತದೆ. ದೊಡ್ಡ ಬಕೆಟ್ಟಿನಲ್ಲಿ ಹಿಂದೆ ಗೋಡೆಯ ಬಣ್ಣ ಕಲಸಿದ್ದರು. ಕೊನೆಗೆ ಗುಜರಿ ಅಂಗಡಿಯಲ್ಲಿ ಬಿಳಿ ಎನಾಮಲ್ ತಪ್ಪಲೆಯೊಂದು ಸಿಕ್ಕಿತು. ಆಳ, ಅಗಲ, ಮುಚ್ಚಳ ಎಲ್ಲ ಹೇಳಿ ಮಾಡಿಸಿದ ಹಾಗಿತ್ತು. ಎಲ್ಲೂ ಚಕ್ಕೆ ಎದ್ದಿರಲಿಲ್ಲ.

ಹೊಸದಾಗಿ ತಂದ ಪಾತ್ರೆಗೆ ಬರೀ ನೀರು ತುಂಬಿಟ್ಟು, ಮಾರನೆಯ ದಿನ ಆ ನೀರನ್ನು ಸವಿದು ನೋಡುವುದು ಅವಳ ಪದ್ಧತಿ. ಶುಕ್ರವಾರ ಬೆಳಿಗ್ಗೆ ನೋಡಿದರೆ ನೀರು ಉಪ್ಪುಪ್ಪು. ಚೆಲ್ಲಿ, ತಿಕ್ಕಿ ತೊಳೆದು ಮತ್ತೆ ತುಂಬಿದಳು. ಮತ್ತೂ ಉಪ್ಪು. ನಲ್ಲಿಯ ನೀರು ಕುಡಿದಳು, ಸಪ್ಪೆ. ಸೊಸೆಯನ್ನು ಕರೆದು ತಪ್ಪಲೆಯ ನೀರು ಕುಡಿಸಿದರೆ ಅವಳಿಗೆ ಅದೂ ಸಪ್ಪೆಯೇ. ನಾಲಿಗೆ ಕೈಕೊಟ್ಟರೆ ಉಪ್ಪಕ್ಕನ ಕಸುಬು ಅಂದಿಗೆ ಮುಗಿಯಿತು.

ಗುಜರಿಯವನ ಬಳಿಗೆ ಓಡಿ, ಈ ತಪ್ಪಲೆ ಎಲ್ಲಿಯದು ಎಂದು ಕೇಳಿದಳು. ಹಿಂದಿನ ಬೀದಿಯಲ್ಲಿ ತೀರಿಹೋದ ಮುದುಕಿಯೊಬ್ಬಳ ಮನೆ ಖಾಲಿ ಮಾಡಿದಾಗ ಬಂದದ್ದು, ಆಕೆಯೂ ಮಾಂಸ ನೆನೆಹಾಕುತ್ತಿದ್ದಳಂತೆ ಎಂದ ಅವನು.

ಆ ಮುದುಕಿ ಉಪ್ಪಕ್ಕನ ದೊಡ್ಡಮ್ಮ. ತಾಯಿಯಿಲ್ಲದ ಇವಳನ್ನು ಪುಟ್ಟಿ ಎಂದು ಕರೆದು ಸಾಕಿ, ಈ ಕೆಲಸ ಕಲಿಸಿದವಳು. ಕಲಿತ ಮೇಲೆ ಇವಳು ಪಕ್ಕದ ಬೀದಿಯಲ್ಲೇ ಸ್ವಂತ ಅಂಗಡಿ ಹಾಕಿ, ದೊಡ್ಡಮ್ಮನ ಗಿರಾಕಿಗಳನ್ನೆಲ್ಲ ಬುಟ್ಟಿಗೆ ಹಾಕಿಕೊಂಡಳು. ವಯಸ್ಸಾಗಿ ರುಚಿ ತಿಳಿಯದಾದಾಗ ದೊಡ್ಡಮ್ಮ, ಒಂದು ಸಲ ಬಂದು ನೀರಿನ ಉಪ್ಪು ನೋಡಿಕೊಟ್ಟು ಹೋಗು ಎಂದು ಮೂರು ಬಾರಿ ಹೇಳಿಕಳಿಸಿದ್ದಳು. ಇವಳು ಪುರುಸೊತ್ತಿಲ್ಲ ಎಂದಿದ್ದಳು. ಪುರುಸೊತ್ತು ಇತ್ತು. ಹೋಗಲು ಮುಖವಿರಲಿಲ್ಲ, ಅಷ್ಟೇ.

ಸಂಜೆಯಾಗುತ್ತಾ ಬಂತು. ಇನ್ನು ತಡಮಾಡಿದರೆ ಹಕ್ಕಿಗೆ ಉಪ್ಪು ಹಿಡಿಯದು, ಬೇರೆ ಪಾತ್ರೆಯೂ ಇಲ್ಲ. ಉಪ್ಪಕ್ಕ ತಪ್ಪಲೆಗೆ ನೀರು ತುಂಬಿ, ಉಪ್ಪು ಹಾಕುತ್ತಾ ಹೋದಳು. ನೆಕ್ಕಿ ನೋಡಿದರೆ ಮೊದಲ ಹಿಡಿಗೂ ಹತ್ತನೆಯ ಹಿಡಿಗೂ ಒಂದೇ ರುಚಿ. ಬೇರೆ ದಾರಿ ಕಾಣದೆ, ಜನ್ಮದಲ್ಲೇ ಮೊದಲ ಸಲ, ಸ್ವಲ್ಪ ನೋಡಿ ಹೇಳಮ್ಮ ಎಂದು ಸೊಸೆಯನ್ನು ಕೇಳಿಕೊಂಡಳು.

ಸೊಸೆ ಕೈ ಒರೆಸಿಕೊಂಡು ಬಂದಳು. ಅಂಗೈ ಮುಂದೆ ಮಾಡಲಿಲ್ಲ. ಮುಂಗೈ ಅದ್ದಿ, ಅದನ್ನು ತುಟಿಗೆ ಒತ್ತಿ, ಕಣ್ಣು ಮುಚ್ಚಿ ನಿಂತಳು. ಹಾಗೆ ರುಚಿ ನೋಡುತ್ತಿದ್ದವಳು ದೊಡ್ಡಮ್ಮನೊಬ್ಬಳೇ. ಈ ಹುಡುಗಿ ಅವಳ ಮುಖವನ್ನೂ ಕಂಡವಳಲ್ಲ. ಇನ್ನೆರಡು ಹಿಡಿ ತಾನೇ ಹಾಕಿದಳು, ಕಲಕಿದಳು, ಮತ್ತೆ ನೋಡಿದಳು.

"ಸರಿಯಾಯ್ತು ಪುಟ್ಟಿ," ಎಂದಳು, ಕಣ್ಣು ತೆರೆಯದೆ. "ನಿಂತು ನಿಂತು ನಿನಗೂ ಸಾಕಾಗಿದೆ. ಕೂತ್ಕೋ, ಇನ್ನು ನಾನು ನೋಡ್ಕೋತೀನಿ."

ಅತ್ತೆಯನ್ನು ಏಕವಚನದಲ್ಲಿ ಮಾತಾಡಿಸುವ ಹೆಣ್ಣಲ್ಲ ಅದು. ಉಪ್ಪಕ್ಕ ಗೋಡೆಗೆ ಒರಗಿ ನೆಲದ ಮೇಲೆ ಕೂತು, ಬರಬೇಕಾಗಿತ್ತು ದೊಡ್ಡಮ್ಮ, ನಾನು ಬರಬೇಕಾಗಿತ್ತು ಎಂದು ಸಣ್ಣ ಹುಡುಗಿಯ ಹಾಗೆ ಅತ್ತಳು.