ಬೈದರೆ ಮಾತ್ರ ಬಾಗಿಲು

ನನ್ನ ದೊಡ್ಡಮ್ಮನಿಗೆ ಹೆದರಿಕೊಳ್ಳುವುದೆಂದರೆ ಇಷ್ಟ. ಸಂಜೆಯ ದೆವ್ವದ ಧಾರಾವಾಹಿ ಶುರುವಾಗುವ ಹೊತ್ತಿಗೆ ಅಡುಗೆಮನೆಯ ದೀಪ ಆರಿಸಿ, ಕುರ್ಚಿಯ ಮೇಲೆ ಕಾಲು ಮಡಚಿ ಕೂರುತ್ತಿದ್ದಳು. ಕಾಲು ಕೆಳಗೆ ಬಿಟ್ಟರೆ ಯಾರಾದರೂ ಹಿಡಿದುಕೊಂಡಾರು ಎಂಬ ಭಯ. ಮುಗಿದ ಮೇಲೆ ಬಚ್ಚಲಿಗೆ ಹೋಗಲು ನಾನು ಜೊತೆಗೆ ಬೇಕು. "ಬಾಗಿಲ ಹತ್ರ ನಿಂತ್ಕೊಂಡು ಏನಾದ್ರೂ ಮಾತಾಡ್ತಾ ಇರು" ಎನ್ನುವಳು. ಕಾಲೇಜಿಗೆಂದು ಅವಳ ಮನೆಯಲ್ಲಿ ಉಳಿದುಕೊಂಡಿದ್ದ ನಾನು ಮರುದಿನದ ಪಾಠವನ್ನೇ ಗಟ್ಟಿಯಾಗಿ ಒಪ್ಪಿಸುತ್ತಿದ್ದೆ. ಒಳಗಿನಿಂದ ಅವಳು "ಹೂಂ, ಆಮೇಲೆ?" ಎನ್ನುತ್ತಿದ್ದಳು, ಅದೂ ಒಂದು ಕತೆಯೆಂಬಂತೆ.

ದೊಡ್ಡಮ್ಮ ಕೆಲಸ ಮಾಡುತ್ತಿದ್ದದ್ದು ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ. ದಿನವಿಡೀ ಬೆಡ್‌ಶೀಟು ಮಡಿಸುವ ಕೆಲಸ. ಅದು ಒಬ್ಬರಿಂದ ಆಗುವಂಥದ್ದಲ್ಲ. ಆಚೆ ತುದಿ ಹಿಡಿಯಲು ಮೆತ್ತಮ್ಮ ಇದ್ದಳು. ಮಾತು ಮೆತ್ತಗೆ, ನಡಿಗೆ ಮೆತ್ತಗೆ, ಹಾಗಾಗಿ ಲಾಂಡ್ರಿಯವರು ಇಟ್ಟ ಹೆಸರು. ಇಬ್ಬರೂ ಬಟ್ಟೆಯನ್ನು ಎಳೆದು, ಒಮ್ಮೆ ಒದರಿ, ಎದುರುಬದುರಾಗಿ ನಡೆದು ಬಂದು ಅಂಚಿಗೆ ಅಂಚು ಸೇರಿಸುತ್ತಿದ್ದರು. ಮತ್ತೆ ಹಿಂದಕ್ಕೆ, ಮತ್ತೆ ಹತ್ತಿರಕ್ಕೆ. ಹಿಂದಿನ ಸಂಜೆಯ ಕಂತು ಈ ನಡಿಗೆಯಲ್ಲೇ ಬಿಚ್ಚಿಕೊಳ್ಳುತ್ತಿತ್ತು. ದೂರವಿದ್ದಾಗ ದೊಡ್ಡಮ್ಮನ ದನಿ ಏರುತ್ತಿತ್ತು, ಹತ್ತಿರ ಬಂದಾಗ ಪಿಸುಮಾತಾಗುತ್ತಿತ್ತು. ಮೆತ್ತಮ್ಮನ ಟೀವಿ ಕೆಟ್ಟು ಬಹಳ ಕಾಲವಾಗಿತ್ತು. ಅವಳ ಪಾಲಿಗೆ ಧಾರಾವಾಹಿ ಎಂದರೆ ದೊಡ್ಡಮ್ಮನ ಬಾಯಿ.

ಕತೆ ಇಷ್ಟು. ಹಳೆಯ ಬಂಗಲೆಯೊಂದರಲ್ಲಿ ಒಬ್ಬಳಿದ್ದಾಳೆ. ಅವಳಿಗೆ ಮೈಯಿಲ್ಲ, ಸ್ವಂತ ದನಿಯೂ ಇಲ್ಲ. ಮುಚ್ಚಿದ ಬಾಗಿಲ ಹಿಂದೆ ನಿಂತು, ನಮಗೆ ಬೇಕಾದವರ ದನಿಯಲ್ಲಿ ಕರೆಯುತ್ತಾಳೆ. ಬಾಗಿಲು ತೆಗೆದವರ ದನಿ ಅವಳ ಪಾಲು. ಅವರು ಬದುಕಿರುವವರೆಗೂ ಮೂಕರು.

"ಹಾಗಾದ್ರೆ ನಮ್ಮ ಯಜಮಾನ್ರನ್ನ ಬಾಗಿಲು ತೆಗೆಯೋಕೆ ಕಳಿಸಬೇಕು. ಮನೆ ತಣ್ಣಗಿರುತ್ತೆ" ಎಂದಿದ್ದಳು ಇಸ್ತ್ರಿ ಮೇಜಿನವಳು.

"ನಗು ನೀನು. ನಾನೊಂದು ಕಂಡುಹಿಡಿದಿದ್ದೀನಿ" ಎಂದಳು ದೊಡ್ಡಮ್ಮ. "ಇಷ್ಟು ಕಂತಾಯ್ತಲ್ಲ, ಅವಳು ಯಾರನ್ನಾದ್ರೂ ಒಂದು ಸಲ ಬೈದಿದ್ದಾಳಾ? ಅಮ್ಮನ ದನಿ ತರ್ತಾಳೆ, ಅಮ್ಮನ ಬೈಗುಳ ತರೋಕಾಗಲ್ಲ. ಬೈಯೋಕೆ ಒಳಗೆ ಜೀವ ಇರಬೇಕು ಕಣ್ರೇ."

"ಅಯ್ಯೋ, ಹಾಗಿದ್ರೆ ಬಾಗಿಲ ಹಿಂದೆ ನಮ್ಮತ್ತೆ ಇದ್ರೆ ನನಗೆ ಅನುಮಾನವೇ ಬರಲ್ಲ ಬಿಡು!" ಎಂದಳು ಇಸ್ತ್ರಿಯವಳು.

ಎಲ್ಲರೂ ನಕ್ಕರು. ಆದರೆ ಅಂದು ಸಂಜೆ ಟೀವಿ ಇದ್ದವರೆಲ್ಲ ಅದನ್ನೇ ಗಮನಿಸಿದರಂತೆ. ದೊಡ್ಡಮ್ಮ ಹೇಳಿದ್ದು ನಿಜವಾಗಿತ್ತು. ಬಂಗಲೆಯವಳು ಬೈಯಲಿಲ್ಲ.

ಆಮೇಲೆ ಅದೊಂದು ಆಟವಾಯಿತು. ಲಾಂಡ್ರಿಯ ಹಿಂಭಾಗದಲ್ಲಿ ಬಟ್ಟೆ ಒಣಗಿಸುವ ಬಿಸಿಕೋಣೆಯಿದೆ. ಅದರ ಭಾರದ ಬಾಗಿಲಿನ ಒಳಗಿನ ಹಿಡಿ ಮುರಿದುಹೋಗಿದ್ದರಿಂದ ಹೊರಗಿನವರೇ ತೆಗೆಯಬೇಕು. ಒಳಗಿದ್ದವರು ಬಡಿದರೆ ಹೊರಗಿನವರು "ಬೈಯಿ, ತೆಗೀತೀನಿ" ಎನ್ನುವರು. ಒಳಗಿನಿಂದ ಬಾಯಿಗೆ ಬಂದ ಬೈಗುಳ, ಹೊರಗೆ ನಗು, ಬಾಗಿಲು ತೆರೆದುಕೊಳ್ಳುವುದು. ಮೆತ್ತಮ್ಮನ ಸರದಿ ಬಂದಾಗ ಮಾತ್ರ ಸುಮ್ಮನೆ ತೆಗೆದುಬಿಡುತ್ತಿದ್ದರು. ಅವಳ ಬಾಯಲ್ಲಿ "ಹೋಗೇ" ಎಂಬ ಮಾತೂ ಬಂದದ್ದನ್ನು ಯಾರೂ ಕೇಳಿರಲಿಲ್ಲ.

ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಇಬ್ಬರೂ ಹೇಳಿದ್ದನ್ನು ಜೋಡಿಸಿ ಬರೆಯುತ್ತಿದ್ದೇನೆ.

ಹಿಂದಿನ ಸಂಜೆಯ ಕಂತಿನಲ್ಲಿ ಕತೆಯ ಹುಡುಗಿಗೂ ದೊಡ್ಡಮ್ಮನಿಗೆ ಹೊಳೆದದ್ದೇ ಹೊಳೆದಿತ್ತು. ಬಾಗಿಲಾಚೆ ಅಮ್ಮನ ದನಿ. ಹುಡುಗಿ "ಒಂದು ಸಲ ಬೈಯಮ್ಮಾ" ಎಂದು ಬೇಡುತ್ತಾಳೆ. ಆಚೆಯಿಂದ ಬಹಳ ಮೆಲ್ಲಗೆ, "ನಾನ್ಯಾಕೆ ಬೈಯಲಿ ಮಗಳೇ?" ಅಷ್ಟಕ್ಕೇ ಕಂತು ಮುಗಿಯಿತು. ದೊಡ್ಡಮ್ಮ ಬಹಳ ಹೊತ್ತು ಕುರ್ಚಿಯಿಂದ ಇಳಿಯಲಿಲ್ಲ. ಆ ರಾತ್ರಿ ನಾನು ಎರಡು ಪಾಠ ಒಪ್ಪಿಸಿದೆ.

ಮರುದಿನ ಮಧ್ಯಾಹ್ನ ಬಟ್ಟೆಯ ಗಂಟುಗಳನ್ನು ಗಾಡಿಗೆ ಹೇರಲು ಉಳಿದವರೆಲ್ಲ ಅಂಗಳಕ್ಕೆ ಹೋಗಿದ್ದರು. ಮೆತ್ತಮ್ಮ ಬಿಸಿಕೋಣೆಯೊಳಗೆ, ದೊಡ್ಡಮ್ಮ ಹೊರಗೆ. ಅಂದು ಬಟ್ಟೆ ಒಣಗುವುದು ತಡವಾಗಿ ಮಡಿಸುವ ಕೆಲಸ ಶುರುವಾಗಿರಲಿಲ್ಲ, ಕಂತಿನ ಕತೆಯನ್ನೂ ಇನ್ನೂ ಹೇಳಿರಲಿಲ್ಲ. ಮಡಿಸುವಾಗ ಹೇಳೋಣವೆಂದು ಬಾಯಲ್ಲೇ ಇಟ್ಟುಕೊಂಡಿದ್ದಳು. ಬಾಗಿಲು ಬಡಿದ ಸದ್ದಾಯಿತು.

"ಅಕ್ಕಾ, ತೆಗೀರಿ. ಯಾಕೋ ತಲೆ ಸುತ್ತುತ್ತೆ."

ದೊಡ್ಡಮ್ಮನಿಗೆ ತಮಾಷೆ ಎನ್ನಿಸಿತು. ಇವಳೂ ಕೊನೆಗೆ ಆಟಕ್ಕೆ ಬಂದಳಲ್ಲ ಎಂದುಕೊಂಡಳು. "ಇವತ್ತು ಬಿಡಲ್ಲ ಕಣೇ. ಬೈಯಿ, ತೆಗೀತೀನಿ."

ಒಳಗಿನಿಂದ ಬಹಳ ಮೆಲ್ಲಗೆ, "ನಾನ್ಯಾಕೆ ಬೈಯಲಿ ಅಕ್ಕಾ?"

ಚಿಲಕಕ್ಕೆ ಹೋಗಿದ್ದ ಕೈ ಅಲ್ಲೇ ನಿಂತಿತು. ಆ ಮಾತು ಮೆತ್ತಮ್ಮನಿಗೆ ಹೇಗೆ ಗೊತ್ತು? ಅವಳು ಕಂತು ನೋಡಿಲ್ಲ, ತಾನಿನ್ನೂ ಹೇಳಿಲ್ಲ. ಮೈಯ ರೋಮವೆಲ್ಲ ಎದ್ದು ನಿಂತಿತು ಎಂದು ದೊಡ್ಡಮ್ಮ ಹೇಳುವಾಗ ಈಗಲೂ ತೋಳು ಸವರಿಕೊಳ್ಳುತ್ತಾಳೆ. ನಗಬೇಕೆಂದು ನಕ್ಕಳು. ಆ ನಗು ಅವಳ ಕಿವಿಗೇ ಬೇರೆ ಯಾರದ್ದೋ ಎಂಬಂತೆ ಕೇಳಿಸಿತು. "ತಮಾಷೆ ಸಾಕು, ಬೈಯೇ" ಎಂದಳು. "ಲೇ, ಇದ್ದೀಯಾ?" ಒಳಗೆ ಬಿಸಿಗಾಳಿಯ ಗುಂಯ್ ಎಂಬ ಸದ್ದು, ಅಷ್ಟೇ.

ಬೇರೆ ಯಾರಾಗಿದ್ದರೂ ಬಾಗಿಲು ತೆಗೆಯುತ್ತಿದ್ದರು. ದೊಡ್ಡಮ್ಮ ಓಡಿದಳು. ಹಿಂದೆ ತಿರುಗಿ ನೋಡದೆ ಅಂಗಳಕ್ಕೆ ಓಡಿ, ಗಾಡಿಯ ಡ್ರೈವರನ ತೋಳು ಹಿಡಿದಳು. ಮಾತು ಹೊರಡದೆ ಬಿಸಿಕೋಣೆಯತ್ತ ಕೈ ತೋರಿಸಿದಳು. ತನ್ನ ದನಿ ಹೋಯಿತೆಂದೇ ಅಂದುಕೊಂಡಳಂತೆ. ಅವನು ಬಂದು ಬಾಗಿಲು ತೆಗೆದಾಗ ಬಿಸಿ ಮುಖಕ್ಕೆ ರಾಚಿತು. ಬಾಗಿಲ ಬಳಿ ಯಾರೂ ಇರಲಿಲ್ಲ. ಮೆತ್ತಮ್ಮ ಕೋಣೆಯ ಕೊನೆಯಲ್ಲಿ, ತೂಗುವ ಬೆಡ್‌ಶೀಟುಗಳ ಹಿಂದೆ, ಗೋಡೆಗೆ ಒತ್ತಿಕೊಂಡು ಬಿದ್ದಿದ್ದಳು. ಎಚ್ಚರವಿರಲಿಲ್ಲ.

ಜೀವ ಉಳಿಯಿತು. ಲಾಂಡ್ರಿಯಲ್ಲಿ ಯಾರೂ ದೊಡ್ಡಮ್ಮನನ್ನು ಏನೂ ಅನ್ನಲಿಲ್ಲ. ಆಟ ಎಲ್ಲರದ್ದೂ ಆಗಿತ್ತಲ್ಲ.

ಮೆತ್ತಮ್ಮ ಆಸ್ಪತ್ರೆಯಿಂದ ತನ್ನ ಮನೆಗೆ ಬಂದ ಮೇಲೆ ದೊಡ್ಡಮ್ಮ ಅವಳನ್ನು ನೋಡಲು ಹೊರಟಳು. ಒಬ್ಬಳೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಕರೆದುಕೊಂಡಳು. ಮೆತ್ತಮ್ಮ ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೊರಗಿದ್ದಳು. ದೊಡ್ಡಮ್ಮ ಕೂರಲಿಲ್ಲ.

"ಬೈದುಬಿಡೇ ನನ್ನನ್ನ. ಬಾಯಿಗೆ ಬಂದ ಹಾಗೆ ಬೈದುಬಿಡು."

ಮೆತ್ತಮ್ಮ ಇಲ್ಲವೆಂದು ತಲೆಯಾಡಿಸಿದಳು. "ಬಾಗಿಲ ಹತ್ರಾನೇ ನಿಂತಿದ್ದೆ ಅಕ್ಕಾ. ನೀವು ತೆಗೀತೀರಿ ಅಂತ ಗೊತ್ತಿತ್ತು. ತಲೆ ಸುತ್ತುತ್ತೆ ಅಂದ ಮೇಲೂ ತೆಗೀಲಿಲ್ಲ. ಆಮೇಲೆ ನಕ್ಕಿರಿ. ಆ ನಗು ಕೇಳಿ ನನಗೆ ಅನ್ನಿಸ್ತು, ನಮ್ಮಕ್ಕ ಹೀಗೆ ಮಾಡೋರಲ್ಲ. ಹೊರಗಿರೋದು ಅವಳೇ. ನಿಮ್ಮ ದನಿ ತಂದಿದ್ದಾಳೆ ಅಂತ." ಅವಳು ಹೊದಿಕೆಯನ್ನು ಮೇಲಕ್ಕೆಳೆದುಕೊಂಡಳು. "ಅದಕ್ಕೇ ನಾನು ಬಾಗಿಲು ಬಿಟ್ಟು ಒಳಗೆ ಒಳಗೆ ಹೋದೆ. ಕರೆದಿರಿ, ಕೇಳಿಸ್ತು. ಉತ್ತರ ಕೊಡಲಿಲ್ಲ."

ದೊಡ್ಡಮ್ಮ ಮಂಚದ ಅಂಚು ಹಿಡಿದು ಕೂತಳು. ಅವಳ ಮುಖದಲ್ಲಿ ಆಗ ಕಂಡ ಭಯವನ್ನು ನಾನು ಯಾವ ಸಂಜೆಯೂ ಕಂಡಿರಲಿಲ್ಲ. ಇದು ಅವಳಿಗೆ ಇಷ್ಟವಾದ ಭಯವಾಗಿರಲಿಲ್ಲ.

"ಈಗ?" ಎಂದಳು. "ಈಗ ನಾನೇ ತಾನೇ? ಹೇಳೇ."

ಮೆತ್ತಮ್ಮ ಅವಳ ಮುಖವನ್ನು, ಕೈಗಳನ್ನು, ಮತ್ತೆ ಮುಖವನ್ನು ನೋಡಿದಳು.

"ಹೂಂ ಅಕ್ಕಾ, ನೀವೇ" ಎಂದಳು ಕೊನೆಗೆ. "ಆದ್ರೆ ಇನ್ನೊಂದು ಸ್ವಲ್ಪ ಹೊತ್ತು ಮಾತಾಡ್ತಾ ಇರಿ."