ಒಂಬತ್ತನ್ನು ಅವಿಭಾಜ್ಯ ಎಂದ ದಿನ

ನಿನ್ನೆ ಶೃಂಗೇರಿಯ ನಮ್ಮ ಮನೆಯಲ್ಲಿ ಮಗಳ ಲ್ಯಾಪ್‌ಟಾಪ್ ಕಾದು, ಒಳಗಿನ ಧೂಳು ಸುಟ್ಟ ವಾಸನೆ ಬಂತು. ಅವಿಭಾಜ್ಯ ಸಂಖ್ಯೆ ಹುಡುಕುವ ಪ್ರೋಗ್ರಾಮ್ ಬರೆಯುತ್ತಿದ್ದಳು. ಆ ವಾಸನೆಗೆ ನಾನು ಹುಡುಗಿಯಾಗಿದ್ದಾಗಿನ ಒಂದು ದಿನ ನೆನಪಾಯಿತು...

ಕೊಪ್ಪ ಬಸ್‌ಸ್ಟ್ಯಾಂಡಿನ ಎದುರಿನ ಮಹಡಿಯಲ್ಲಿ ನಮಗೆ ಕಂಪ್ಯೂಟರ್ ಕಲಿಸುತ್ತಿದ್ದವರು ಮೇಡಂ. ಹೊಡೆಯುವ ಗಂಡನನ್ನು ಬಿಟ್ಟು ಬಂದಿದ್ದರು. ಎನ್.ಆರ್.ಪುರದ ತವರಿನಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದರು. ಅದು ಊರಿಗೆಲ್ಲ ಗೊತ್ತಿತ್ತು. ಅವರು ಮಾತ್ರ ಬಾಯಿ ಬಿಟ್ಟವರಲ್ಲ.

ಅವತ್ತು ನನ್ನ ಪ್ರೋಗ್ರಾಮ್ ಒಂಬತ್ತನ್ನು ಅವಿಭಾಜ್ಯ ಎಂದಿತು. ಮೇಡಂ ನಕ್ಕರು. "ಎರಡರಿಂದ ಭಾಗ ಹೋಗಲಿಲ್ಲ ಅಂತ ಅಲ್ಲೇ ತೀರ್ಮಾನ ಮಾಡಿಬಿಟ್ಯಲ್ಲೇ ಮಾರಾಯ್ತಿ! ಮೂರರಿಂದ ನೋಡೋದು ಬೇಡ್ವಾ?"

ಅಷ್ಟರಲ್ಲಿ ಅವರ ಗಂಡ ಮೆಟ್ಟಿಲು ಹತ್ತಿ ಬಂದ. ಬಂದವನೇ ಜಡೆ ಹಿಡಿದೆಳೆದು, ಅವರ ಹಣೆಯನ್ನು ಮಾನಿಟರಿನ ಅಂಚಿಗೆ ಅಪ್ಪಳಿಸಿದ. ಮಾನಿಟರ್ ಉರುಳಿ ಬಿದ್ದು ಒಡೆಯಿತು; ಸುಟ್ಟ ವಾಸನೆ ಎದ್ದಿತು. "ಮನೆಗೆ ಬರ್ತೀಯೋ ಇಲ್ವೋ?" ಎನ್ನುತ್ತ, ನೆಲಕ್ಕೆ ಬಿದ್ದಿದ್ದ ಮೇಡಂ ಬೆನ್ನಿಗೆ ಒದ್ದ. ನಾನು ಸ್ಟೂಲ್ ಎತ್ತಿ ಅವನ ಭುಜಕ್ಕೆ ಹೊಡೆದೆ. ನನ್ನನ್ನು ಗೋಡೆಗೆ ಎಸೆದ.

ಆಗ ಮೇಡಂ ಎದ್ದರು. ರಕ್ತ ಕಣ್ಣಿಗಿಳಿಯುತ್ತಿತ್ತು. ಕೀಬೋರ್ಡ್ ಕಿತ್ತು, ಅದು ಮುರಿಯುವವರೆಗೂ ಅವನ ಮುಖಕ್ಕೆ ಬಾರಿಸಿದರು. "ಹುಡುಗೀರನ್ನ ಮುಟ್ಟಿದ್ಯೋ ನೋಡು!"

ಕೆಳಗಿನ ಅಂಗಡಿಯವರು ಬಂದು ಅವನನ್ನು ಎಳೆದೊಯ್ದರು. "ಗಂಡ ಹೆಂಡ್ತಿ ವಿಷಯ, ಪೊಲೀಸ್ ಗಿಲೀಸ್ ಯಾಕೆ?" ಎಂದ ಒಬ್ಬ. ಮೇಡಂ ಸೆರಗಿನಿಂದ ಹಣೆ ಒತ್ತಿ ಹಿಡಿದು, ನೇರ ಸ್ಟೇಷನ್ನಿಗೆ ನಡೆದು ದೂರು ಕೊಟ್ಟರು.

ಮಾರನೆಯ ದಿನ ಹಣೆಗೆ ಹೊಲಿಗೆ ಹಾಕಿಸಿಕೊಂಡೇ ಕ್ಲಾಸಿಗೆ ಬಂದರು. "ಮೂರರಿಂದ ನೋಡಿದ್ಯಾ?" ಎಂದರು. ನಾನು ಅತ್ತುಬಿಟ್ಟೆ.

"ಅಳೋದು ಆಮೇಲೆ. ಮೊದಲು ಅದನ್ನ ಸರಿ ಮಾಡು."

ಸರಿ ಮಾಡಿದೆ. ಬೆನ್ನು ತಟ್ಟಿದರು...

ಜಾಮೀನಿನ ಮೇಲೆ ಹೊರಬಂದ ಗಂಡ ಎನ್.ಆರ್.ಪುರಕ್ಕೆ ಹೋದ. ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಮೇಡಂ ಅವರನ್ನು ಕತ್ತಿಯಿಂದ ಕಡಿದ. ಬಿಡಿಸಲು ಓಡಿದ ಅವರ ತಾಯಿಯ ಕೈಗೂ ಏಟು ಬಿತ್ತು. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಆ ಸುದ್ದಿ ಕೇಳಿಯೂ ನನಗೆ ಸಮಾಧಾನವಾಗಲಿಲ್ಲ.

"ನಿಂಗೆ ಇದನ್ನೆಲ್ಲ ಯಾರಮ್ಮ ಕಲಿಸಿದ್ದು?" ಎಂದು ಮಗಳು ನಿನ್ನೆ, ಅವಳ ಪ್ರೋಗ್ರಾಮಿನ ತಪ್ಪು ತೋರಿಸಿಕೊಟ್ಟಾಗ, ಕೇಳಿದಳು.

"ಕೊಪ್ಪದಲ್ಲಿ ಒಬ್ಬರು ಮೇಡಂ ಇದ್ರು."

"ಈಗ ಎಲ್ಲಿದ್ದಾರೆ?"

ತೀರಿಕೊಂಡರು ಎನ್ನಲು ಬಾಯಿ ತೆರೆದೆ. ಅದು ಸುಳ್ಳೆನಿಸಿತು.

"ಗಂಡ ಕೊಂದುಬಿಟ್ಟ," ಎಂದೆ.